ಅರ್ಧಕ್ಕೆ ಬಿಟ್ಟ ಬೆಲ್ಟ್

ನಮ್ಮ ಆಸ್ಪತ್ರೆಯ ಹಿಂದುಗಡೆ, ಔಷಧಿ ಕೋಣೆಯಿಂದ ನೀರಿನ ಟ್ಯಾಂಕಿನವರೆಗೆ ಒಂದು ಸಿಮೆಂಟ್ ದಾರಿ ಇದೆ. ಒಂದು ಬೆಳಿಗ್ಗೆ ನಾನು ಅಲ್ಲಿ ಮಂಡಿಯೂರಿ ಕೂತು, ಟೇಪು ಹಿಡಿದು ಮೂವತ್ತು ಮೀಟರ್ ಅಳೆದು, ಮೂರು ಮೀಟರಿಗೊಂದು ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ಚೀಟಿ ಹಿಡಿದು ಹೊರಟಿದ್ದ ಒಬ್ಬ ಹೆಂಗಸು ನಿಂತು ನೋಡಿದರು.

"ಶಾಮಿಯಾನ ಹಾಕಸ್ತೀರೇನ್ರಿ ಮೇಡಮ್ಮಾ? ಯಾರ್ದು ಮದುವಿ?"

"ಮದುವೆ ಅಲ್ಲ ಕಣಮ್ಮ, ಜನರನ್ನ ನಡೆಸೋಕೆ" ಎಂದೆ.

"ನಡೆಯಾಕೂ ಗೆರಿ ಹಾಕಬೇಕಾ?" ಎಂದು ನಗುತ್ತಾ ಹೋದರು.

ಕೊರೊನಾದ ಎರಡನೆಯ ಅಲೆ ಇಳಿದ ಮೇಲಿನ ಮಾತಿದು. ನಾನು ಮಡಕಶಿರಾ ಕಡೆಯವಳು, ಆಂಧ್ರದ ಗಡಿಯ ರಾಯದುರ್ಗದ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುತ್ತಿದ್ದೆ. ಅಲ್ಲಿಯವರೆಗೆ ನನ್ನ ಹತ್ತಿರ ಬರುತ್ತಿದ್ದವರು ಮುರಿದ ಕಾಲಿನವರು, ಲಕ್ವ ಹೊಡೆದವರು, ಹೊಲಿಗೆ ಮಿಷಿನ್ನಿಗೆ ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡ ಜೀನ್ಸ್ ಟೈಲರುಗಳು. ಅವರಿಗೆಲ್ಲ ನನ್ನ ಮಂತ್ರ ಒಂದೇ: "ಇನ್ನೂ ಒಂದು ಸುತ್ತು." ಅತ್ತರೂ ಬಿಡುತ್ತಿರಲಿಲ್ಲ. ಹಾಗೆ ಬಿಡದೆ ಎಷ್ಟೋ ಜನರನ್ನು ಎಬ್ಬಿಸಿ ಓಡಾಡಿಸಿದ್ದೆ ಎಂಬ ಹೆಮ್ಮೆಯೂ ನನಗಿತ್ತು.

ಈಗ ಬರತೊಡಗಿದವರು ಬೇರೆ ಥರದವರು. ಜ್ವರ ಬಿಟ್ಟು ಮೂರು ನಾಲ್ಕು ತಿಂಗಳಾಗಿದೆ. ಎದೆಯ ಎಕ್ಸ್‌ರೇ ಚೊಕ್ಕಟ, ರಕ್ತದ ಪರೀಕ್ಷೆ ಚೊಕ್ಕಟ, ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕಿದರೆ ತೊಂಬತ್ತೇಳು. ಆದರೆ ಸ್ನಾನ ಮಾಡಿದರೆ ಒಂದು ಗಂಟೆ ಮಲಗಬೇಕು. ನಮ್ಮ ಡಾಕ್ಟರು ಅನಂತಪುರದ ತೆಲುಗಿನವರು. ಅವರು ಇಂಥ ಏಳು ಜನರನ್ನು ನನ್ನ ಕಡೆ ಕಳಿಸಿ, "ನಿಧಾನವಾಗಿ ನಡೆಸಿ ನೋಡಮ್ಮಾ" ಎಂದಿದ್ದರು. ಆ ಗೆರೆಗಳು ಅದಕ್ಕೇ.

ಏಳು ಜನರಲ್ಲಿ ಒಬ್ಬರು ಬೆಲ್ಟಿನ ಅಕ್ಕ. ಜೀನ್ಸ್ ಪ್ಯಾಂಟಿಗೆ ಸೊಂಟದ ಪಟ್ಟಿ ಕೂರಿಸುವುದಕ್ಕೆ ಗಾರ್ಮೆಂಟಿನವರು ಬೆಲ್ಟ್ ಎನ್ನುತ್ತಾರೆ. ದಪ್ಪ ಬಟ್ಟೆಯ ನಾಲ್ಕು ಪದರ ಒಟ್ಟಿಗೆ ಸೂಜಿಯ ಕೆಳಗೆ ಹೋಗಬೇಕು, ಕೈ ಎಳೆತ ಒಂದಿಷ್ಟು ತಪ್ಪಿದರೂ ಪಟ್ಟಿ ಸೊಟ್ಟಗಾಗುತ್ತದೆ. ಅದಕ್ಕೆ ಬೆಲ್ಟ್ ಮಿಷಿನ್ ಮೇಲೆ ಯಾರನ್ನೆಂದರೆ ಅವರನ್ನು ಕೂರಿಸುವುದಿಲ್ಲ. ಈ ಅಕ್ಕ ಬಳ್ಳಾರಿಯಲ್ಲಿ ಒಂಬತ್ತು ವರ್ಷ ಅದೇ ಕೆಲಸ ಮಾಡಿ, ಲಾಕ್‌ಡೌನಿನಲ್ಲಿ ಊರಿಗೆ ಬಂದು, ಇಲ್ಲಿಯ ಒಂದು ಹೊಲಿಗೆ ಯುನಿಟ್ಟಿನಲ್ಲಿ ಅದೇ ಮಿಷಿನ್ ಹಿಡಿದಿದ್ದರು. ಮೊದಲ ದಿನ ಬಂದವರು ನನ್ನ ಮುಂದಿನ ಸ್ಟೂಲಿನ ಮೇಲೆ ಕೂತು, ಉಸಿರು ತಿರುಗಿದ ಮೇಲೆ ಹೇಳಿದರು.

"ನನಗ ರೋಗ ಇಲ್ಲಂತ್ರಿ. ಆದ್ರ ನಾನೂ ಇಲ್ರಿ."

ಯುನಿಟ್ಟಿನ ಸಾವ್ಕಾರರು ಮಿಷಿನ್ನಿಗೆ ಬಟ್ಟೆ ಹೊದಿಸಿ ಇಟ್ಟಿದ್ದರಂತೆ. ದೀಪಾವಳಿ ಆರ್ಡರು ಶುರುವಾಗುವುದರೊಳಗೆ ಬಂದರೆ ಮಿಷಿನ್ ಅವರದು, ಇಲ್ಲವಾದರೆ ಬೇರೆಯವರಿಗೆ. "ಆ ಮಿಷಿನ್ ಬಿಟ್ರ ನನಗ ಬೇರೆ ಏನೂ ಬರಂಗಿಲ್ರಿ ಮೇಡಮ್ಮಾ. ಅದರ ಮುಂದ ಕುಂತ್ರನ ನಾನು ಒಬ್ಬಾಕಿ ಅನ್ನಸ್ತೈತಿ" ಎಂದರು. ದೀಪಾವಳಿಗೆ ಇನ್ನೂ ಮೂರೂವರೆ ತಿಂಗಳಿತ್ತು. ಧಾರಾಳವಾಯಿತು ಎಂದುಕೊಂಡೆ.

ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿದೆ. ಗೆರೆಯಿಂದ ಗೆರೆಗೆ ತಮ್ಮ ಪಾಡಿಗೆ ಹೋಗಿ ಬರಬೇಕು, ಬೇಕೆಂದಾಗ ನಿಲ್ಲಬಹುದು, ಎಷ್ಟು ದೂರವಾಯಿತೆಂದು ನಾನು ಬರೆದುಕೊಳ್ಳುತ್ತೇನೆ. ಇನ್ನೂರ ನಲವತ್ತು ಮೀಟರ್ ನಡೆದರು, ಎರಡು ಸಲ ನಿಂತರು. ನಾಡಿ ತೊಂಬತ್ತೆರಡರಿಂದ ನೂರ ಮೂವತ್ತೆಂಟಕ್ಕೆ ಏರಿತು. "ಹತ್ತರಲ್ಲಿ ಎಷ್ಟು ಸುಸ್ತು ಅಕ್ಕ?" ಎಂದು ಕೇಳಿದರೆ, "ಡಬಲ್ ಶಿಫ್ಟ್ ಮುಗಿಸಿದಂಗ" ಎಂದರು. ಎಂಟು ಎಂದು ಬರೆದುಕೊಂಡೆ.

ದಿನಕ್ಕೆ ಹತ್ತು ನಿಮಿಷದ ನಡಿಗೆ, ವಾರಕ್ಕೆ ಎರಡು ನಿಮಿಷ ಹೆಚ್ಚು. ನಡೆದ ದಿನಕ್ಕೊಂದು ಟಿಕ್ ಹಾಕುವ ಹಾಳೆಯನ್ನು ಏಳೂ ಜನಕ್ಕೆ ಕೊಟ್ಟೆ. ಮೊದಲ ವಾರ ಎಲ್ಲ ಸರಾಗ. ಎರಡನೆಯ ವಾರದ ಗುರುವಾರ ಬೆಲ್ಟಿನ ಅಕ್ಕ ಮುಖವರಳಿಸಿಕೊಂಡು ಬಂದರು. ಅವತ್ತು ಮೈ ಹಗುರವಾಗಿದೆ ಎಂದು ಹನ್ನೆರಡು ನಿಮಿಷದ ಬದಲು ಇಪ್ಪತ್ತೈದು ನಿಮಿಷ ನಡೆದರು. ನಾನು ತಡೆದೆನೇ? ಇಲ್ಲ. ಚಪ್ಪಾಳೆ ತಟ್ಟಿದೆ. ಟಿಕ್ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಒಂದು ನಕ್ಷತ್ರ ಬರೆದೆ.

ಶುಕ್ರವಾರ ಬಂದರು, ಸ್ವಲ್ಪ ಬಾಡಿದ್ದರು. ಶನಿವಾರ ಬರಲಿಲ್ಲ. ಸೋಮವಾರವೂ ಬರಲಿಲ್ಲ. ಮಂಗಳವಾರ ಅವರ ಮನೆ ಹುಡುಕಿಕೊಂಡು ಹೋದೆ. ಕಿಟಕಿಗೆ ಸೀರೆ ಕಟ್ಟಿ ಕತ್ತಲೆ ಮಾಡಿಕೊಂಡು ಮಲಗಿದ್ದರು. ಬೆಳಕು ಕಣ್ಣಿಗೆ ಚುಚ್ಚುತ್ತದಂತೆ, ಫ್ಯಾನಿನ ಸದ್ದೂ ತಡೆಯಲಾಗದಂತೆ. ಅವರ ಗಂಡ ಇನ್ನೊಂದು ಯುನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಬಾಗಿಲಲ್ಲೇ ನಿಂತು ಹೇಳಿದರು:

"ನಡ್ಕೊಂತ ಬಂದಾಕಿನ್ನ ಮಲಗಿಸಿ ಕಳಿಸಿದ್ರಿ ಮೇಡಂ. ಹಿಂಗ ಮಾಡಾಕ ದವಾಖಾನಿ ಯಾಕ ಬೇಕಿತ್ರಿ?"

ಒಳಗೆ ಹೋಗಿ ನೆಲದ ಮೇಲೆ ಕೂತೆ. ಅಕ್ಕ ಕಣ್ಣು ಮುಚ್ಚಿಕೊಂಡೇ, ತಪ್ಪು ತಮ್ಮದೇ ಎನ್ನುವ ಹಾಗೆ ಹೇಳಿದರು: "ಚಲೋ ದಿನ ಇತ್ತಲ್ರಿ, ಎರಡು ದಿನದ್ದು ಒಂದ ದಿನಕ್ಕ ತೆಗೆದಿಟ್ಟೆ. ನಮ್ಮಾಗ ಹಂಗ ಅಲ್ರಿ? ಕರೆಂಟ್ ಇದ್ದಾಗ ಹೊಲದು ಇಟಗಬೇಕು. ಯಾವಾಗ ಹೊಕ್ಕತೋ ಯಾರಿಗೆ ಗೊತ್ತು?"

ಅಲ್ಲಿಯವರೆಗೆ ನನಗೆ ಹೊಳೆದಿರದ ಸಂಗತಿ ಅದು. ಪೀಸಿನ ಲೆಕ್ಕದಲ್ಲಿ ದುಡಿದವರ ಮೈ ಹಾಗೆಯೇ ಪಳಗಿರುತ್ತದೆ. ಒಳ್ಳೆಯ ಗಳಿಗೆ ಸಿಕ್ಕಿದರೆ ಬಿಡಬಾರದು, ಇವತ್ತು ಹೆಚ್ಚು ಮಾಡಿದರೆ ನಾಳೆ ಕಮ್ಮಿಯಾದರೂ ಸರಿಹೋಗುತ್ತದೆ. ಅಂಥವರ ಕೈಗೆ ಟಿಕ್ ಹಾಕುವ ಹಾಳೆ ಕೊಟ್ಟು, ಮೇಲೆ ನಕ್ಷತ್ರ ಬೇರೆ ಬರೆದಿದ್ದೆ. ಆ ಮಧ್ಯಾಹ್ನ ಆಸ್ಪತ್ರೆಗೆ ವಾಪಸು ಬರುವಾಗ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು.

ಸಿಟ್ಟನ್ನು ಕೆಲಸಕ್ಕೆ ಹಚ್ಚಿದೆ. ಏಳೂ ಜನರ ಹಾಳೆ ತರಿಸಿ ಹರವಿಕೊಂಡು ಕೂತೆ. ಬಂದ ದಿನಕ್ಕೆ ಟಿಕ್ ಇತ್ತು, ಬಾರದ ದಿನ ಖಾಲಿ ಇತ್ತು. ಖಾಲಿ ಬಿಟ್ಟ ದಿನಗಳ ಬಗ್ಗೆ ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡೆ: ಅದರ ಹಿಂದಿನ ದಿನ ಏನು ಮಾಡಿದಿರಿ, ಅದಕ್ಕೂ ಹಿಂದಿನ ದಿನ? ಒಬ್ಬರು ಬಟ್ಟೆ ಒಗೆದಿದ್ದರು, ಒಬ್ಬರು ಗುಂತಕಲ್ಲಿಗೆ ಬಸ್ಸಿನಲ್ಲಿ ನಿಂತು ಹೋಗಿ ಬಂದಿದ್ದರು. ಪೆಟ್ಟು ಮಾರನೆಯ ದಿನ ಬೀಳುತ್ತಿರಲಿಲ್ಲ, ಅದರ ಮಾರನೆಯ ದಿನ ಬೀಳುತ್ತಿತ್ತು. ಅದಕ್ಕೇ ಯಾರಿಗೂ ಕಾರಣ ಗೊತ್ತಾಗಿರಲಿಲ್ಲ. ನನಗಂತೂ ಆಗಿರಲಿಲ್ಲ.

ಏಳು ಜನರಲ್ಲಿ ಒಬ್ಬರಿಗೆ ಮಾತ್ರ ಒಂದು ದಿನವೂ ಖಾಲಿ ಇರಲಿಲ್ಲ. ಬೆಳುಗುಪ್ಪದ ಕಡೆಯ ಕುರಿ ಕಾಯುವ ತಾತ. ನಾನು ಬೆನ್ನು ತಿರುಗಿಸಿದಾಗಲೆಲ್ಲ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ ಕಳ್ಳ. ಎಷ್ಟೋ ಸಲ ಗದರಿದ್ದೆ. ಈಗ ಕರೆದು, "ಯಾಕೆ ತಾತ ಹಾಗೆ ಕೂರ್ತಿದ್ರಿ?" ಎಂದು ಕೇಳಿದೆ.

"ಕುರಿ ಹಿಂದ ಹಂಗ ಅಲ್ಲೇನವ್ವ ನಡೆಯಾದು? ಒಂದೀಟು ನಡೀಬೇಕು, ಅವು ಮೇಯಾಕ ನಿಂತ್ರ ನಾವೂ ಕುಂದ್ರಬೇಕು. ಸೊರಗಿದ ಕುರಿ ಇದ್ರಂತೂ ಅದು ಕುಂದ್ರಾಕ ಮುಂಚೇನ ನಾವು ನಿಲ್ಲಸ್ತೀವಿ. ಒಮ್ಮೆ ಕುಂತ್ರ ಎಬ್ಬಸಾಕ ಆಗಂಗಿಲ್ಲ. ನಿಮಗ ಕಾಲೇಜಿನಾಗ ಇದು ಹೇಳಿಲ್ಲೇನು?"

ಹೇಳಿದ್ದರೋ ಏನೋ, ನಾನು ಕೇಳಿಸಿಕೊಂಡಿರಲಿಲ್ಲ.

ಮಾರನೆಯ ದಿನ ಡಾಕ್ಟರ ಮುಂದೆ ನಿಂತು, ವಾರವಾರ ನಡಿಗೆ ಹೆಚ್ಚಿಸುವುದನ್ನು ನಿಲ್ಲಿಸುತ್ತೇನೆ, ಎಲ್ಲರದನ್ನೂ ಅರ್ಧಕ್ಕಿಂತ ಕಮ್ಮಿ ಮಾಡುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಡೆಯಬೇಡಿ ಅನ್ನೋ ಫಿಸಿಯೋನ ಈಗಲೇ ನೋಡ್ತಿರೋದು" ಎಂದರು. ಹಾಳೆಗಳನ್ನು ಮುಂದಿಟ್ಟೆ. ಒಂದೊಂದಾಗಿ ಓದಿದರು, ಕೊನೆಗೆ "ಸರೇ ಅಮ್ಮಾ, ಚೂದ್ದಾಂ" ಎಂದರು. ನೋಡೋಣ ಎನ್ನುವ ಅವರ ಮಾತು ನನಗೆ ಸಾಕಾಗಿತ್ತು. ಟಿಕ್ ಹಾಳೆಗಳನ್ನೆಲ್ಲ ಹರಿದು ಹಾಕಿದೆ. "ಇನ್ನೂ ಒಂದು ಸುತ್ತು" ಎಂಬ ಮಾತನ್ನು ಬಾಯಿಂದ ತೆಗೆಯುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ.

ಸಿಮೆಂಟ್ ದಾರಿಯ ಎರಡೂ ತುದಿಗೆ, ನಡುವೆ ಒಂದು ಕಡೆ, ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಒಂದೂವರೆ ನಿಮಿಷ ನಡೆಯುವುದು, ಎರಡು ನಿಮಿಷ ಕೂರುವುದು, ಹೀಗೆ ಮೂರು ಸಲ, ಅಷ್ಟೇ. ನಡೆಯುತ್ತಾ ಒಂದು ಪೂರ್ತಿ ಮಾತು ಆಡಲು ಆಗಬೇಕು, ಮಾತು ತುಂಡಾದರೆ ಕೂತುಬಿಡಬೇಕು. ಎರಡು ದಿನ ಕಾದು, ಮೂರನೆಯ ದಿನವೂ ಮೈ ತಕರಾರು ಮಾಡದಿದ್ದರೆ ಅರ್ಧ ನಿಮಿಷ ಹೆಚ್ಚು. ತಕರಾರು ಮಾಡಿದರೆ ಹಿಂದಕ್ಕೆ.

ಬೆಲ್ಟಿನ ಅಕ್ಕ ಎದ್ದು ಕೂರುವಂತಾಗಲು ಹನ್ನೆರಡು ದಿನ ಹಿಡಿಯಿತು. ಅವರ ಮನೆಗೆ ಹೋಗಿ ಹೊಸ ಕ್ರಮ ವಿವರಿಸಿದೆ. ತಲೆಯಾಡಿಸಿದರು, ಆದರೆ ಒಳ್ಳೆಯ ದಿನ ಬಂದರೆ ಮತ್ತೆ ಹಾಗೇ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಮಾತಿಗೆ ಮಾತು ಬಂದು ಯುನಿಟ್ಟಿನ ಕೆಲಸ ಹೇಗೆ ನಡೆಯುತ್ತದೆಂದು ಕೇಳಿದೆ. ಕತ್ತರಿಸಿದ ತುಂಡುಗಳು ಇಪ್ಪತ್ತರ ಕಟ್ಟಾಗಿ ಬರುತ್ತವಂತೆ, ಜೀನ್ಸ್ ಬಟ್ಟೆಯ ಚಿಂದಿಯಿಂದ ಬಿಗಿದು.

"ಒಂದು ಕಟ್ಟು ಬಿಚ್ಚಿದ್ರ ಮುಗಿಸೇ ಏಳಬೇಕ್ರಿ. ಅರ್ಧಕ್ಕ ಬಿಟ್ಟು ಎದ್ರ ಒಂದರ ಸೈಜು ಇನ್ನೊಂದರಾಗ ಕಲತು ಹೊಕ್ಕಾವ. ನಾನು ಬಳ್ಳಾರ್ಯಾಗ ಒಂಬತ್ತು ವರ್ಷ ಒಂದು ಕಟ್ಟೂ ಅರ್ಧಕ್ಕ ಬಿಟ್ಟಾಕಿ ಅಲ್ಲ" ಎಂದು ಹೇಳುವಾಗ ಆ ಸೊರಗಿದ ಮುಖದಲ್ಲೂ ಗತ್ತು ಕಂಡಿತು.

ಮೂಲೆಯಲ್ಲಿ ಅಂಥ ಚಿಂದಿಗಳ ಒಂದು ಡಬ್ಬವೇ ಇತ್ತು. ಅದರಿಂದ ಎಂಟು ಎಣಿಸಿ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದೆ.

"ಅಕ್ಕ, ಒಂದು ದಿನಕ್ಕೆ ನಿಮ್ಮ ಮೈಯಲ್ಲಿರೋ ಶಕ್ತಿ ಇಷ್ಟೇ. ಸ್ನಾನಕ್ಕೆ ಒಂದು. ಬೆಳಗಿನ ಅಡುಗೆಗೆ ಎರಡು, ಸಂಜೆಗೆ ಎರಡು. ನಡಿಗೆಗೆ ಎರಡು, ಬಂದು ಹೋಗೋದೂ ಸೇರಿ. ಒಂದು ಮಿಕ್ಕುತ್ತೆ, ಅದು ಮನೆಗೆ ಯಾರಾದ್ರೂ ಬಂದ್ರೆ ಮಾತಾಡೋಕೆ. ಒಗೆಯೋ ದಿನ ಮೂರು ಬೇಕು, ಅವತ್ತು ನಡಿಗೆ ಇಲ್ಲ. ಕೆಲಸ ಆದ ಹಾಗೆ ಚಿಂದಿ ತೆಗೆದು ಡಬ್ಬಕ್ಕೆ ಹಾಕಿ. ಮೊಳೆ ಖಾಲಿ ಆಯ್ತೋ, ಒಲೆ ಮೇಲೆ ಹಾಲು ಇದ್ರೂ ನೀವು ಏಳಬಾರದು."

"ಮಾತಾಡಾಕೂ ಚಿಂದೀನಾ?" ಎಂದು ಮೊದಲ ಸಲ ನಕ್ಕರು. ಆಮೇಲೆ ಟೈಲರಿನ ಬುದ್ಧಿ ಎಚ್ಚರವಾಯಿತು. "ಸಂಜಿಕ ಉಳಿದ್ರ ನಾಳೆಗೆ ಹಿಡಕೋಬೌದಲ್ರಿ?"

"ಇಲ್ಲ. ಉಳಿದಿದ್ದೂ ಡಬ್ಬಕ್ಕೆ. ನಾಳೆ ಮತ್ತೆ ಎಂಟೇ."

"ಹಂಗಾರ ಉಳಿದದ್ದು ಎಲ್ಲಿಗೆ ಹೋತ್ರಿ?"

"ನಿಮ್ಮ ಮೈಗೆ ಹೋಯ್ತು ಕಣಕ್ಕ. ಹುಷಾರಾಗೋಕೂ ಅದಕ್ಕೆ ಏನಾದ್ರೂ ಬೇಕಲ್ಲ."

ಅವರು ಕೂತಲ್ಲಿಂದಲೇ ಮೊಳೆಯ ಕಡೆ ಬೆರಳು ಮಾಡಿ ಚಿಂದಿಗಳನ್ನು ಎಣಿಸಿದರು. ಗಂಡ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

ಆರು ವಾರ ಒಂದು ದಿನವೂ ಕೆಡಲಿಲ್ಲ. ಚಿಂದಿ ಎಂಟಿದ್ದದ್ದು ಒಂಬತ್ತಾಯಿತು, ಹತ್ತಾಯಿತು. ಒಂದೂವರೆ ನಿಮಿಷದ ನಡಿಗೆ ಮೂರು ನಿಮಿಷಕ್ಕೆ ಬಂತು. ಅಷ್ಟರಲ್ಲಿ ದಸರಾ ಹತ್ತಿರ ಬಂತು, ನನಗೆ ಚಿಂತೆ ಹತ್ತಿತು. ಈ ಕಡೆ ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆ ಒಂದೂ ಬಿಡದೆ ಒಗೆಯಬೇಕು. ನೀರು ಕುಡಿದ ಕೌದಿಯನ್ನು ಎತ್ತಿ ಹಿಂಡುವುದು ಗಟ್ಟಿಮುಟ್ಟಾದವರಿಗೇ ಸಾಕುಸಾಕಾಗುವ ಕೆಲಸ. ಒಗೆಯದೆ ಹಬ್ಬ ಮಾಡಿದರೆ ಓಣಿಯವರ ಬಾಯಿ ಸುಮ್ಮನಿರುವುದಿಲ್ಲ. ಎಷ್ಟು ಚಿಂದಿ ಕೊಟ್ಟರೂ ಇದಕ್ಕೆ ಸಾಲದೆಂದು ನನಗೂ ಅಕ್ಕನಿಗೂ ಗೊತ್ತಿತ್ತು.

ಹಬ್ಬದ ಹಿಂದಿನ ಸೋಮವಾರ ಅಕ್ಕ ಬರುತ್ತಾರೋ ಇಲ್ಲವೋ ಎಂದು ದಾರಿ ಕಾಯುತ್ತಿದ್ದೆ. ಬಂದರು, ಹಿಂದೆ ಗಂಡನೂ ಬಂದರು. ಗಂಡನ ಅಂಗೈಗಳು ನೆನೆದು ಬಿಳಿಚಿಕೊಂಡಿದ್ದವು, ಸೊಂಟಕ್ಕೆ ಕೈ ಕೊಟ್ಟುಕೊಂಡು ನಡೆಯುತ್ತಿದ್ದರು. ಹಿಂದಿನ ದಿನ ಮನೆಯ ಕೌದಿಗಳನ್ನೆಲ್ಲ ಆಟೋಕ್ಕೆ ಹೇರಿಕೊಂಡು ಕಣೇಕಲ್ಲಿನ ಕಾಲುವೆಗೆ ಹೋಗಿ, ಹೆಂಗಸರ ಸಾಲಿನಲ್ಲಿ ಒಬ್ಬರೇ ಗಂಡಸು, ಒಗೆದು ತಂದಿದ್ದರು.

"ಎಲ್ಲಾರೂ ನಕ್ಕರ್ರಿ ಮೇಡಂ" ಎಂದರು. ಆಮೇಲೆ, "ಮೂರು ಚಿಂದಿ ನನ್ನ ಹೆಸರಿಗೆ ಬರಕೊಳ್ರಿ. ಬೇಕಾದ್ರ ಇನ್ನೂ ಕೊಡ್ತೀನಿ" ಎಂದರು.

ನನ್ನ ಕಣ್ಣು ತುಂಬಿತು. ಅದನ್ನು ಮುಚ್ಚಲು ಅಕ್ಕನ ಬೆರಳಿಗೆ ಕ್ಲಿಪ್ ಹಾಕಿ ನಾಡಿ ಎಣಿಸುವವಳ ಹಾಗೆ ತಲೆ ತಗ್ಗಿಸಿದೆ.

ದಸರಾ ಮುಗಿದ ವಾರ ಸಾವ್ಕಾರರು ಹೇಳಿ ಕಳಿಸಿದರು. ಆರ್ಡರ್ ಬಂದಿದೆ, ಬರುವುದಾದರೆ ಈಗ ಬರಬೇಕು. ಮನೆಯಿಂದ ಯುನಿಟ್ಟಿಗೆ ಅರ್ಧ ಕಿಲೋಮೀಟರ್. ಇಸ್ತ್ರಿ ಅಂಗಡಿಯ ಬೆಂಚಿನ ಮೇಲೆ ಒಂದು ಸಲ, ಆಂಜನೇಯನ ಗುಡಿಯ ಕಟ್ಟೆಯ ಮೇಲೆ ಒಂದು ಸಲ ಕೂತು, ಹದಿನಾಲ್ಕು ನಿಮಿಷದಲ್ಲಿ ನಾನೂ ಅಕ್ಕನೂ ತಲುಪಿದೆವು. ಒಳಗೆ ಕಾಲು ಗಂಟೆ ಕೂತ ಮೇಲೆ ನಾಡಿ ತೊಂಬತ್ತಕ್ಕೆ ಇಳಿಯಿತು. ನಾನು ಸಾವ್ಕಾರರ ಹತ್ತಿರ ಮಾತಾಡಿದೆ: ಅರ್ಧ ಗಂಟೆ ಕೆಲಸ, ಕಾಲು ಗಂಟೆ ಮಲಗುವುದು, ಸದ್ಯಕ್ಕೆ ದಿನಕ್ಕೆ ನಾಲ್ಕು ಸಲ.

"ಹಿಂಗ ಯಾರು ಕೆಲಸ ಮಾಡ್ತಾರ್ರಿ? ಇದೇನು ಬಾಲವಾಡಿ ಏನು?" ಎಂದರು. ಅಕ್ಕನ ಕಡೆ ತಿರುಗಿ, "ಕುಂದ್ರಮ್ಮ, ಒಂದು ಕಟ್ಟು ಹೊಲದು ತೋರ್ಸು, ನೋಡಮು" ಎಂದರು.

ಅಕ್ಕ ಮಿಷಿನ್ನಿನ ಮೇಲಿನ ಬಟ್ಟೆ ಸರಿಸಿದರು. ಫೋನಿನಲ್ಲಿ ಅರ್ಧ ಗಂಟೆಯ ಅಲಾರಂ ಇಟ್ಟು ಪಕ್ಕಕ್ಕಿಟ್ಟರು. ಕಟ್ಟಿನ ಚಿಂದಿ ಬಿಚ್ಚಿದರು. ಮೂರು ತಿಂಗಳು ಆ ಕೈಗಳು ಲೋಟ ಎತ್ತಲು ಹೆಣಗಿದ್ದನ್ನು ನಾನು ನೋಡಿದ್ದೆನಲ್ಲ, ಅವೇ ಕೈಗಳು ಈಗ ದಪ್ಪ ಬಟ್ಟೆಯನ್ನು ಹಿಡಿದು ಎಷ್ಟು ಬೇಕೋ ಅಷ್ಟೇ ಎಳೆಯುತ್ತಿದ್ದವು. ಅಕ್ಕಪಕ್ಕದ ಮಿಷಿನ್ನಿನವರು ತಲೆಯೆತ್ತಿ ನೋಡಿ ನಕ್ಕರು. ಹದಿನಾರು ಆಯಿತು, ಹದಿನೇಳು ಆಯಿತು. ಹದಿನೆಂಟನೆಯ ಪ್ಯಾಂಟಿನ ಪಟ್ಟಿ ಅರ್ಧಕ್ಕೆ ಬಂದಾಗ ಅಲಾರಂ ಹೊಡೆಯಿತು.

ಉಳಿದದ್ದು ಎರಡೂವರೆ. ಐದು ನಿಮಿಷದ ಕೆಲಸ. ಕರೆಂಟ್ ಇತ್ತು, ಸಾವ್ಕಾರರು ತಲೆಯ ಮೇಲೆ ನಿಂತಿದ್ದರು, ಅಕ್ಕನ ಮುಖದಲ್ಲಿ ಸುಸ್ತಿನ ಸುಳಿವೂ ಇರಲಿಲ್ಲ. ಮಿಷಿನ್ ಸಿಗುವುದೋ ಹೋಗುವುದೋ ಆ ಗಳಿಗೆಯಲ್ಲಿತ್ತು. ನಿಜ ಹೇಳುತ್ತೇನೆ, "ಮುಗಿಸಿಬಿಡಿ ಅಕ್ಕ" ಎಂಬ ಮಾತು ನನ್ನ ತುಟಿಯವರೆಗೆ ಬಂದಿತ್ತು. ಹಲ್ಲು ಕಚ್ಚಿ ನುಂಗಿದೆ.

ಅಕ್ಕ ಪೆಡಲಿನಿಂದ ಕಾಲು ತೆಗೆದರು. ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿದರು. ಕೆಲಸ ನಿಲ್ಲಿಸಿದ ಗುರುತಿಗೆ ಒಂದು ಚಿಂದಿಯನ್ನು ದಾರದ ಕಂಬಿಗೆ ಕಟ್ಟಿ, ಎದ್ದು ಹೋಗಿ ಮೂಲೆಯ ಚಾಪೆಯ ಮೇಲೆ ಮಲಗಿ ಕಣ್ಣು ಮುಚ್ಚಿದರು.

"ಅರ್ಧಕ್ಕ ಬಿಟ್ಟು ಎದ್ದಳಲ್ರೀ!" ಎಂದು ಸಾವ್ಕಾರರು ನನ್ನನ್ನು ನೋಡಿದರು.

"ಹೌದು ಸಾವ್ಕಾರ್ರೇ" ಎಂದೆ. ನನ್ನ ಧ್ವನಿಯಲ್ಲಿದ್ದ ಹೆಮ್ಮೆಯನ್ನು ಅಡಗಿಸುವ ಗೋಜಿಗೆ ಹೋಗಲಿಲ್ಲ. "ಅದಕ್ಕೇ ಅವರು ನಾಳೆನೂ ಬರ್ತಾರೆ, ನಾಳಿದ್ದೂ ಬರ್ತಾರೆ."

ಕಾಲು ಗಂಟೆಯಾದ ಮೇಲೆ ಅಕ್ಕ ಎದ್ದು ಬಂದು ಉಳಿದದ್ದನ್ನು ಹೊಲಿದು ಮುಗಿಸಿದರು. ಸಾವ್ಕಾರರು ಹದಿನೆಂಟನೆಯ ಪ್ಯಾಂಟನ್ನು ಎತ್ತಿಕೊಂಡು ಪಟ್ಟಿಯ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ. ಹೊಲಿಗೆ ಎಲ್ಲಿ ನಿಂತಿತ್ತು, ಎಲ್ಲಿಂದ ಮುಂದುವರಿಯಿತು ಎಂದು ಅವರಿಗೆ ಸಿಗಲಿಲ್ಲ. ಪ್ಯಾಂಟನ್ನು ಕಟ್ಟಿನ ಮೇಲಿಟ್ಟು, "ಚಾಪಿ ಇಲ್ಲೇ ಇರಲಿ ಬಿಡ್ರಿ" ಎಂದರು.

ನನಗೆ ಇನ್ನೂ ಸಮಾಧಾನವಿರಲಿಲ್ಲ, ಲೆಕ್ಕ ಮೂರನೆಯ ದಿನದ್ದು. ಆ ಬೆಳಿಗ್ಗೆ ಬೇಗ ಹೋಗಿ, ಸಿಮೆಂಟ್ ದಾರಿಯಲ್ಲಿ ಕುರ್ಚಿಗಳನ್ನು ಜೋಡಿಸಿದೆ, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ. ತಾತ ಬಂದು ಕಟ್ಟೆಯ ಮೇಲೆ ಕೂತರು. ಉಳಿದವರೂ ಬಂದರು. ಅಕ್ಕ ಬರಲಿಲ್ಲ. ಕಿಟಕಿಗೆ ಸೀರೆ ಕಟ್ಟಿದ್ದ ಆ ಕೋಣೆ ಕಣ್ಣ ಮುಂದೆ ಬಂತು. ಚಪ್ಪಲಿ ಮೆಟ್ಟಿ ಅವರ ಮನೆಗೆ ಹೊರಡುವಷ್ಟರಲ್ಲಿ ಫೋನ್ ಬಂತು. ಆ ಕಡೆ ಹತ್ತಾರು ಮಿಷಿನ್ನುಗಳ ಸದ್ದು, ಅದರ ನಡುವೆ ತುಂಡಾಗದ ಒಂದು ಪೂರ್ತಿ ಮಾತು.

"ಮೇಡಮ್ಮಾ, ನಿಮ್ಮ ದಾರ್ಯಾಗ ಇವತ್ತು ನಡೆಯಾಕ ಬರಂಗಿಲ್ರಿ, ನಂದು ನಡಿಗಿ ಇತ್ತಾಗ ಆಗಿಬಿಡ್ತು, ಮಿಷಿನ್ ಮುಂದ ಕುಂತೀನಿ."

ಅವರ ಕುರ್ಚಿಯನ್ನು ನಾನೇ ಎತ್ತಿ ಒಳಗಿಟ್ಟೆ. ವಾಪಸು ಬರುವಾಗ ನನ್ನ ನಡಿಗೆಯಲ್ಲಿ ಒಂದಿಷ್ಟು ಜಂಬ ಇತ್ತೆಂದು ತಾತ ಆಮೇಲೆ ಎಲ್ಲರಿಗೂ ಹೇಳಿಕೊಂಡು ನಕ್ಕರು. ಇತ್ತು, ನಿಜ.